ಮೂರನೆಯ ತಿಂಗಳಿನ ತೊಗಟೆ

ಅಕ್ಕನ ಬ್ಯಾಗಿನಿಂದ ಸಾಗವಾನಿ ಎಲೆಯ ಪೊಟ್ಟಣ ಜಾರಿ ಬಿದ್ದದ್ದು ಪಂಚಮಿಯ ಹಿಂದಿನ ದಿನ. ಅವ್ವ ಶೇಂಗಾ ಉಂಡಿ ಕಟ್ಟುತ್ತಿದ್ದಳು, ನಾನು ಬೆಲ್ಲ ಕುಟ್ಟುತ್ತಿದ್ದೆ. ಅಪ್ಪ ಮಿಲ್ಲಿನ ಮೊದಲ ಪಾಳಿ ಮುಗಿಸಿ ಬಂದು ಹೊರಗಿನ ಕೋಣೆಯಲ್ಲಿ ಕಾಲು ಚಾಚಿ ಕೂತಿದ್ದ. ಹಳಿಯಾಳದ ಬಸ್ಸಿನಿಂದ ಆಗಷ್ಟೇ ಇಳಿದು ಬಂದಿದ್ದ ಅಕ್ಕ ಮನೆಯಲ್ಲಿ ಉಡುವ ಸೀರೆ ತೆಗೆಯಲು ಬ್ಯಾಗು ಬಿಚ್ಚಿದಳು. ಬಾಳೆಯ ನಾರಿನಿಂದ ಕಟ್ಟಿದ ಆ ಪೊಟ್ಟಣ ಉರುಳುತ್ತ ನನ್ನ ಕಾಲ ಬಳಿ ಬಂತು. ಎತ್ತಿ ಮೂಸಿದೆ. ಒಣಗಿದ ತೊಗಟೆ. ಹಸಿ ಮಣ್ಣಿಗೂ ಹುಳಿ ಮಜ್ಜಿಗೆಗೂ ನಡುವಿನ ಒಂದು ವಾಸನೆ.

"ಏನಿದು?"

"ಕೊಡ ಇಲ್ಲೆ."

"ಏನ ಅಂತ ಕೇಳಿದೆ."

"ಔಷಧ. ನೆಲಕ್ಕ ಇಡಬಾರದು ಅದನ್ನ, ಕೊಡು."

ಅಕ್ಕನಿಗೆ ಆಗ ಮೂವತ್ತೊಂದು, ನನಗೆ ಇಪ್ಪತ್ನಾಲ್ಕು. ಹಳಿಯಾಳದಾಚೆಯ ಒಂದು ಸಣ್ಣ ಊರಿಗೆ ಅವಳನ್ನು ಕೊಟ್ಟು ಎಂಟು ವರ್ಷವಾಗಿತ್ತು. ಭಾವನಿಗೆ ತುಂಡು ಹೊಲ, ಉಳಿದ ದಿನ ಕೂಲಿ. ಮದುವೆಯಾದ ನಾಲ್ಕನೆಯ ವರ್ಷ ಬಸಿರಿನ ಐದನೆಯ ತಿಂಗಳಿಗೆ ಒಂದು ಕೂಸು ಹೋಯಿತು. ಆಮೇಲೆ ಯಾವುದೂ ನಿಲ್ಲಲಿಲ್ಲ. ಈಚೆಗೆ ಎರಡು ವರ್ಷದಿಂದ ಅವಳ ಮುಟ್ಟು ಹತ್ತು ದಿನ, ಹನ್ನೆರಡು ದಿನ ಹರಿಯುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಧಾರವಾಡದ ಡಾಕ್ಟರು ಸ್ಕ್ಯಾನು ಮಾಡಿಸಿ, ಗರ್ಭಚೀಲದ ತುಂಬ ಗಡ್ಡೆಗಳಿವೆ, ಮೈಯಲ್ಲಿ ರಕ್ತ ಇಲ್ಲ ಅಂದಿದ್ದರು. ಮೂರು ತಿಂಗಳು ಗುಳಿಗೆ ತಗೊಳ್ಳಿ. ಅಷ್ಟರಲ್ಲಿ ರಕ್ತ ಹಿಡಿತಕ್ಕೆ ಬಂದರೆ ಚೀಲ ಉಳಿಸಿಕೊಳ್ಳುವ ಮಾತಾಡೋಣ, ಬರದಿದ್ದರೆ ತೆಗೆಯದೆ ಗತಿ ಇಲ್ಲ.

ಅಕ್ಕನಿಗೆ ಬೇಕಾಗಿದ್ದದ್ದು ಒಂದೇ, ಆ ಚೀಲ ಉಳಿಯಬೇಕು. ಇನ್ನೊಂದು ಕೂಸು ಆಗಲಿ ಬಿಡಲಿ, ಆಗಬಹುದು ಎನ್ನುವ ಜಾಗವಾದರೂ ಮೈಯಲ್ಲಿ ಇರಬೇಕು. ಇದನ್ನು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಎಲ್ಲರಿಗೂ ಗೊತ್ತಿತ್ತು.

ನನಗೂ ಗೊತ್ತಿತ್ತು. ಆದರೆ ನನ್ನ ಕೈಯಲ್ಲಿ ತೊಗಟೆ ಇತ್ತು, ನಾನು ನಮ್ಮ ದಾಂಡೇಲಿಯ ಬಂಗೂರನಗರದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ಕಪ್ ಗೆದ್ದವಳಾಗಿದ್ದೆ. ನಮಗೆ ಕಲಿಸಿದ ಸರ್ ಹೇಳುತ್ತಿದ್ದರು: ಎದುರಿನವರಿಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಹುಡುಕು, ಅಲ್ಲಿಂದ ಶುರು ಮಾಡು.

"ಯಾವ ಗಿಡದ್ದು ಇದು?"

"ಗೊತ್ತಿಲ್ಲ."

"ಗೊತ್ತಿಲ್ಲದ್ದ ತಿಂತಿ?"

"ಹೆಸರ ಹೇಳಿದ್ರ ಗುಣ ಹೋಗತೈತಿ. ಕೊಡಾಕಿ ಹೇಳೂದಿಲ್ಲ, ತಗೊಳಾಕಿ ಕೇಳೂದಿಲ್ಲ. ಜೋಯಿಡಾ ಕಡೆ ಒಬ್ಬಾಕಿ ಮುದುಕಿ ಕೊಡತಾಳ."

"ವಾ! ಹೆಸರಿಲ್ಲದ ಸಾಮಾನ ಮಾರೂದು. ಭಾಳ ಚಲೋ ಧಂದೆ."

"ಮಾರೂದಿಲ್ಲ ಆಕಿ. ಒಂದ ಕಾಯಿ, ಎಲಿ ಅಡಕಿ, ಅಷ್ಟ."

"ಯಾರಿಗೆ ಗುಣ ಆಗೇತಿ?"

"ನಮ್ಮ ಮೈದುನನ ಹೇಣ್ತಿಗೆ ಆಗೇತಿ. ಮೂರು ತಿಂಗಳ ತಗೊಂಡ್ಲು, ನಾಕನೇ ತಿಂಗಳ ನಿಂತಿತು."

"ನಿಮ್ಮ ನೆಗೆಣ್ಣಿ ಆ ಮೂರು ತಿಂಗಳು ಅನ್ನ ಉಂಡಿದ್ದಿಲ್ಲೇನು? ಅನ್ನದಿಂದ ಬಸಿರಾದ್ಲು ಅನ್ನೂಣೇನು? ತನ್ನ ಹುಂಜ ಕೂಗಿದ್ದಕ್ಕ ಬೆಳಗಾತು ಅಂದಿದ್ಲಂತ ಒಬ್ಬಾಕಿ ಮುದುಕಿ. ಆಕಿನ ಜೋಯಿಡಾಕ್ಕ ಹೋಗಿ ಅಂಗಡಿ ಇಟ್ಟಾಳ ನೋಡು."

ಹೊರಗಿನ ಕೋಣೆಯಿಂದ ಅಪ್ಪ ನಕ್ಕದ್ದು ಕೇಳಿಸಿತು. ನನಗೆ ಅಷ್ಟು ಸಾಕು, ಸಭೆ ನಕ್ಕಿತು ಎಂದರೆ ಅರ್ಧ ಗೆದ್ದ ಹಾಗೆ. ಅಲ್ಲಿಂದ ಮುಂದೆ ಹತ್ತು ನಿಮಿಷ ನಾನು ಬಿಡಲಿಲ್ಲ. ಹೋಲಿಸಿ ನೋಡಬೇಕೆಂದರೆ ತಗೊಂಡವರಷ್ಟೇ ಸಾಲದು, ತಗೊಳ್ಳದವರೂ ಬೇಕು ಅಂದೆ. ಪ್ರಮಾಣ ಗೊತ್ತಿಲ್ಲದ್ದು ಔಷಧವಲ್ಲ, ಕಟ್ಟಿಗೆ ಅಂದೆ. ಗುಳಿಗೆಯನ್ನು ಸಾವಿರಾರು ಜನರ ಮೇಲೆ ನೋಡಿ ಕೊಡುತ್ತಾರೆ, ಇದನ್ನು ಯಾರ ಮೇಲೆ ನೋಡಿದ್ದಾರೆ, ನಿನ್ನ ಮೇಲೇ ಅಲ್ಲವೇ ಅಂದೆ. ಒಂದೊಂದೂ ಸರಿಯಾದ ಮಾತು. ಇವತ್ತಿಗೂ ಅವುಗಳಲ್ಲಿ ಒಂದನ್ನೂ ಹಿಂತೆಗೆದುಕೊಳ್ಳುವ ಕಾರಣ ನನಗೆ ಸಿಕ್ಕಿಲ್ಲ.

ಅಕ್ಕ ಕೊನೆಗೆ ಕೈ ಮುಗಿದಳು. "ನೀ ಗೆದ್ದಿ ಬಿಡವಾ. ಈ ಕಪ್ಪ ಎಲ್ಲೆ ಇಡತಿ? ಶೋಕೇಸಿನ್ಯಾಗ ಜಾಗಾನ ಇಲ್ಲ."

"ಬಿಡತೇನಿ ಅನ್ನು."

"ಆತು. ಬಿಡತೇನಿ."

"ಗೆದ್ದದ್ದು ಸಾಕು, ಬೆಲ್ಲ ಕುಟ್ಟು," ಅಂದಳು ಅವ್ವ. ಅವಳು ನನ್ನ ಕಡೆ ನೋಡದೆ ಆ ಪೊಟ್ಟಣವನ್ನು ನನ್ನ ಕೈಯಿಂದ ತೆಗೆದು ಜೋಪಾನವಾಗಿ ಅಕ್ಕನ ಬ್ಯಾಗಿಗೆ ಹಾಕಿದಳು. ಅದನ್ನು ನಾನು ಕಂಡೂ ಕಾಣದವಳಾಗಿದ್ದೆ. ವೇದಿಕೆಯ ಮೇಲೆ ಎದುರಾಳಿ ಸುಮ್ಮನಾದರೆ ಸೋತ ಎಂದು ಅರ್ಥ. ಅಡಿಗೆಮನೆಯಲ್ಲಿ ಸುಮ್ಮನಾಗುವುದಕ್ಕೆ ಬೇರೆ ಕಾರಣಗಳೂ ಇರುತ್ತವೆಂದು ನನಗೆ ಯಾರೂ ಕಲಿಸಿರಲಿಲ್ಲ.

ಎರಡು ತಿಂಗಳಾದ ಮೇಲೆ ಡಾಕ್ಟರು ಬರಹೇಳಿದ ದಿನ ಭಾವನಿಗೆ ಕೆಲಸ ಬಿಡುವ ಹಾಗಿರಲಿಲ್ಲ, ನಾನು ಜೊತೆಗೆ ಹೋದೆ. ದಾಂಡೇಲಿಯಿಂದ ನಾನು ಹತ್ತಿದ ಬಸ್ಸನ್ನು ಅಕ್ಕ ಹಳಿಯಾಳದಲ್ಲಿ ಹತ್ತಿದಳು. ಮುಖದಲ್ಲಿ ಸ್ವಲ್ಪ ಬಣ್ಣ ಬಂದಿತ್ತು. ಈ ಸಲ ಆರೇ ದಿನಕ್ಕೆ ನಿಂತಿತು ಎಂದು ಕಿವಿಯಲ್ಲಿ ಹೇಳಿದಳು. ರಕ್ತದ ರಿಪೋರ್ಟೂ ಅದನ್ನೇ ಹೇಳಿತು, ಕಡಿಮೆಯಿದ್ದದ್ದು ಏರಿದೆ. ನಾನು ಡಾಕ್ಟರ ಎದುರಿಗೇ ಅಕ್ಕನ ಮೊಣಕೈ ತಿವಿದೆ. "ನೋಡಿದ್ಯಾ ಗುಳಗಿ?"

ಡಾಕ್ಟರು ನಗಲಿಲ್ಲ. ಇನ್ನೊಂದು ಹಾಳೆ ತಿರುವಿದರು. ಮಧ್ಯವಯಸ್ಸಿನ ಹೆಂಗಸು, ಮಾತು ನಿಧಾನ. "ರಕ್ತ ಏರೇತಿ, ಸಂತೋಷ. ಆದ್ರ ಲಿವರಿಂದೂ ಏರೇತಲ್ಲವಾ. ಅದು ಏರಬಾರದು. ಬ್ಯಾರೆ ಏನರೆ ತಗೊಂಡೀಯೇನು?"

ಅಕ್ಕ ಸೆರಗಿನ ತುದಿ ಸುತ್ತತೊಡಗಿದಳು.

"ಗುಳಗಿ ತಂದಿದ್ರ ತೋರಸು."

ಅಕ್ಕ ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲಿಟ್ಟಳು. ಗುಳಿಗೆಯ ಪಟ್ಟಿಗಳು ಅಂಗಡಿಯಿಂದ ತಂದಂತೆಯೇ ಇದ್ದವು, ಒಂದನ್ನೂ ಒಡೆದಿರಲಿಲ್ಲ.

"ಎರಡೂ ಕೂಡಸಬಾರದು ಅಂದಿದ್ಲ್ರೀ ಮೇಡಂ, ಆ ಮುದುಕಿ," ಅಂದಳು ಅಕ್ಕ. "ಅದಕ್ಕ ಇದನ್ನ ಬಿಟ್ಟು ಅದನ್ನ ತಗೊಂಡೇನ್ರಿ. ಎರಡು ತಿಂಗಳದ್ದು ಮುಗದೈತಿ. ಇನ್ನ ಒಂದ ತಿಂಗಳದ್ದು ಉಳದೈತಿ."

ಹೇಳುವಾಗ ಅವಳು ನೋಡುತ್ತಿದ್ದದ್ದು ನನ್ನನ್ನು. ಅವಳಿಗೆ ಡಾಕ್ಟರ ಭಯವಿರಲಿಲ್ಲ. ಬಸ್ಸಿನಲ್ಲಿ ಒಂದೂವರೆ ತಾಸು ಪಕ್ಕದಲ್ಲೇ ಕೂತು ಆರೇ ದಿನಕ್ಕೆ ನಿಂತದ್ದನ್ನು ಹೇಳಿದವಳು ಯಾತರಿಂದ ನಿಂತಿತು ಎಂದು ಹೇಳಿರಲಿಲ್ಲ. ನನಗೆ ಹೆದರಿ.

ನಾನು ಬೈಗುಳ ನಿರೀಕ್ಷಿಸಿದ್ದೆ. ಡಾಕ್ಟರು ಬೈಯಲಿಲ್ಲ. "ಹಳ್ಳಿಯವರ ಗಾವಠಿ ಔಷಧ ಅಂದಕೂಡ್ಲೆ ಬೈಯಾಕಿ ಅಲ್ಲ ನಾ. ನಮ್ಮ ಕೆಲವು ಔಷಧಾನೂ ಗಿಡದಿಂದನ ಬಂದಾವ. ಆದ್ರ ಯಾವ ಗಿಡ, ಎಷ್ಟ ತಗೊಂಡಿ, ಅದು ಗೊತ್ತಾಗಬೇಕು. ಈಗ ರಕ್ತ ಕಡಿಮಿ ಹೋಗಿದ್ದು ಅದರಿಂದಾನೋ ಗೊತ್ತಿಲ್ಲ, ಗಡ್ಡಿ ಇದ್ದವರಿಗೆ ಒಂದೆರಡ ತಿಂಗಳ ತಾನಾ ಕಡಿಮಿ ಆಗೂದೂ ಐತಿ. ಲಿವರ್ ಏರಿದ್ದು ಅದರಿಂದಾನೋ, ಅದೂ ಗೊತ್ತಿಲ್ಲ. ಮೂರನೇ ತಿಂಗಳದ್ದು ಶುರು ಮಾಡೂಕಿಂತ ಮೊದಲ ಹೆಸರ ತಿಳಕೊಂಡ ಬರ್ರಿ. ಹುಡುಕಿ ನೋಡೂಣು."

"ಕೇಳಬಾರದ್ರೀ ಮೇಡಂ," ಅಂದಳು ಅಕ್ಕ.

"ನಾ ಕೇಳತೇನ್ರಿ," ಅಂದೆ ನಾನು.

ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಹಳಿಯಾಳ ಹತ್ತಿರವಾದಾಗ ಹೇಳಿದಳು: "ನೀ ಹೋಗಬ್ಯಾಡ. ತಗೊಳಾಕಿ ಕೇಳಬಾರದು ಅಂತ ಹೇಳ್ಯಾರ."

"ತಗೊಳಾಕಿ ನೀ. ನಾ ಅಲ್ಲಲ. ನಾ ಕೇಳಿದ್ರ ಏನಾಗತೈತಿ?"

"ಎಲ್ಲೆರೆ ಒಂದ ಸಂದಿ ಹುಡುಕತಿ ನೋಡು ನೀ," ಅಂದು ಅವಳು ಇಳಿದು ಹೋದಳು.

ಜೋಯಿಡಾದ ಬಸ್ಸಿನಲ್ಲಿ ಕಂಡಕ್ಟರನಿಗೆ ಮುದುಕಿಯ ವಿಷಯ ಹೇಳಿದರೆ ಸಾಕು, ಸರಿಯಾದ ಜಾಗದಲ್ಲಿ ಇಳಿಸುತ್ತಾನೆ ಎಂದು ಅವ್ವ ಹೇಳಿದ್ದಳು. ಇಳಿಸಿದ. ಅಲ್ಲಿಂದ ಅರ್ಧ ತಾಸಿನ ಕಾಲುದಾರಿ, ಆಮೇಲೆ ನಾಲ್ಕೈದು ಮನೆ. ಭತ್ತ ಕೊಯ್ಲಿಗೆ ಬಂದಿತ್ತು. ಮುದುಕಿ ಸಗಣಿ ಸಾರಿಸಿದ ಅಂಗಳದ ಅಂಚಿನಲ್ಲಿ ಕೂತು ತೆಂಗಿನ ಗರಿಯ ಕಡ್ಡಿಗಳಿಂದ ಹಿಡಿಸೂಡಿ ಕಟ್ಟುತ್ತಿದ್ದಳು. ಸುತ್ತಿನವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು. ಅವಳ ಮಾತು ಕೊಂಕಣಿಯದು, ಕನ್ನಡವನ್ನು ಬಂದವರಿಗೆಂದು ಕಲಿತಿದ್ದಳು.

"ಯೋ ಗೋ ಬಾಯ್, ಬಸ್," ಅಂದಳು. ಬಾ ಮಗಳೇ, ಕೂತುಕೋ. "ಏನು ತ್ರಾಸು ನಿಂಗೆ?"

"ನನಗೇನ ತ್ರಾಸ ಇಲ್ರಿ ಆಯಿ. ನಮ್ಮ ಅಕ್ಕಗ ಕೊಟ್ಟ ಔಷಧದ ಹೆಸರ ಬೇಕಾಗಿತ್ತು."

ಅವಳು ನಕ್ಕಳು. ಕೆಟ್ಟ ನಗೆಯಲ್ಲ. ಸಣ್ಣ ಹುಡುಗಿ ದೊಡ್ಡವರ ಚಪ್ಪಲಿ ಹಾಕಿಕೊಂಡು ಬಂದರೆ ನಗುವಂಥದ್ದು. ಬರುವ ದಾರಿಯಲ್ಲೇ ನಾನು ಪ್ರಶ್ನೆಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದೆ. ಮೊದಲನೆಯದನ್ನು ಕೇಳಿದೆ.

"ಇಷ್ಟ ವರ್ಷದಾಗ ನಿಮ್ಮ ಔಷಧ ಎಷ್ಟ ಮಂದಿಗೆ ಹತ್ತಿಲ್ಲ?"

"ಹತ್ತಿದವರು ಮಗು ತಗೊಂಡು ಬರ್ತಾರೆ, ತೋರ್ಸಾಕೆ. ಹತ್ತದವರು ತಿರುಗಿ ಬರಲ್ಲ ಬಾಯ್."

ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು. ಇಡೀ ವಾದದ ತಪ್ಪನ್ನು ಅವಳೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದಳು. "ಅಂದ್ರ ಹತ್ತದವರು ಎಷ್ಟ ಅಂತ ನಿಮಗ ಗೊತ್ತಾಗೂದ ಇಲ್ಲ."

"ಇಲ್ಲ," ಅಂದಳು ಆಯಿ, ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡುತ್ತ.

ಅಷ್ಟೇ. ಎದುರಾಳಿ ಹೀಗೆ ಒಪ್ಪಿಕೊಂಡುಬಿಟ್ಟರೆ ಮುಂದೆ ಏನು ಮಾಡಬೇಕೆಂದು ಸರ್ ಹೇಳಿರಲಿಲ್ಲ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಕ್ಕನ ಲಿವರ್ ಕೆಡುತ್ತಿರಬಹುದು, ಹೆಸರು ತಿಳಿಯದೆ ಡಾಕ್ಟರು ಏನೂ ಹೇಳಲಾರರು, ಆಗ ಮೂರನೆಯ ತಿಂಗಳಿನ ಔಷಧವೂ ಇಲ್ಲ, ಚೀಲವೂ ಉಳಿಯುವುದಿಲ್ಲ.

ಅವಳ ಕೈ ನಿಂತಿತು. "ಕೆಟ್ಟದ್ದು ಕೊಡಲ್ಲ ನಾನು."

"ಕೊಟ್ಟೀರಿ ಅನ್ನೂದಿಲ್ಲ. ಅದಕ್ಕ ಹೆಸರ ಹೇಳ್ರಿ."

ಕಡ್ಡಿಗಳನ್ನು ಬದಿಗಿಟ್ಟು ಅವಳು ಹೇಳಿದಳು. ಹೆಸರು ಒಬ್ಬರಿಗೆ ಮಾತ್ರ ಹೇಳುವುದು. ಅವಳ ಅತ್ತೆ ಅವಳಿಗೆ ಹೇಳಿದ್ದು. ಅವಳ ಕೈ ಯಾರು ತೆಗೆದುಕೊಳ್ಳುತ್ತಾರೋ, ಅಂದರೆ ಅವಳ ನಂತರ ಯಾರು ಔಷಧ ಕೊಡಲು ಕೂಡುತ್ತಾರೋ, ಅವರಿಗೆ. ಸೊಸೆ ಬೇಡ ಅಂದಿದ್ದಾಳೆ. ಮೊಮ್ಮಗಳು ಗೋವೆಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾಳೆ, ಬರುವುದಿಲ್ಲ.

"ನೀ ತಗೋತಿಯಾ?" ಅಂದಳು. "ಭಾಳ ಕೇಳ್ತಿ ನೀ. ಕೇಳೋರು ಬೇಕು ಇದಕ್ಕೆ. ಎರಡೇ ಮಾತು. ಬಂದವರಿಗೆ ಇಲ್ಲ ಅನ್ನಬಾರದು. ಹೆಸರು ಬಾಯಿಂದ ಹೊರಗೆ ಬರಬಾರದು."

ಚರ್ಚಾಸ್ಪರ್ಧೆಯಲ್ಲಿ ಪರ ಮಾತಾಡಬೇಕೋ ವಿರೋಧ ಮಾತಾಡಬೇಕೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ವರದಕ್ಷಿಣೆಯ ಪರವಾಗಿಯೂ ಒಮ್ಮೆ ಚೀಟಿ ಬಂದಿತ್ತು, ಮಾತಾಡಿ ಬಹುಮಾನ ತಂದಿದ್ದೆ. ಆಡಿದ ಮಾತಿಗೂ ಆಡುವವಳಿಗೂ ಸಂಬಂಧ ಇರಬೇಕಿಲ್ಲ ಎಂದು ನನ್ನ ನಾಲಿಗೆಗೆ ಅಷ್ಟೊತ್ತಿಗೆ ರೂಢಿಯಾಗಿತ್ತು.

"ತಗೋತೇನಿ," ಅಂದೆ.

ಅವಳು ನನ್ನ ಬಲಗೈ ಹಿಡಿದು ಅಂಗೈಗೆ ನೀರು ಬಿಟ್ಟಳು. ಮನೆಯ ಹಿಂದಿನ ಏರಿಯಲ್ಲಿ ಮರದ ಬುಡಕ್ಕೆ ಕರೆದುಕೊಂಡು ಹೋಗಿ, ಯಾವ ಬದಿಯ ತೊಗಟೆ, ಎಷ್ಟು ಅಗಲ, ಮುಟ್ಟಿನ ಸ್ನಾನವಾದ ಎಷ್ಟನೆಯ ದಿನದಿಂದ, ಎಲ್ಲ ತೋರಿಸಿದಳು. ಹೆಸರನ್ನು ಕಿವಿಯಲ್ಲಿ ಹೇಳಿದಳು. ಎಲೆಯ ಫೋಟೊ ತೆಗೆಯುತ್ತೇನೆ ಅಂದಾಗ ಫೋನನ್ನು ಒಂದು ಸಲ ನೋಡಿ ಬದಿಗೆ ಸರಿದಳು. ಹೊರಡುವಾಗ ನಾನು "ಬರ್ತೇನ್ರಿ ಆಯಿ" ಅಂದೆ. ಅವಳು ಬಾಯಿಗೆ ಬೆರಳಿಟ್ಟು ತಲೆ ಅಲ್ಲಾಡಿಸಿದಳು. ಔಷಧದ ಮನೆಯಿಂದ ಹೋಗುವಾಗ ಬರುತ್ತೇನೆ ಅನ್ನಬಾರದು, ರೋಗ ತಿರುಗಿ ಬರುತ್ತದೆ.

ಆ ಮರದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಂಬಿಕೆ ಹುಟ್ಟಿತೆಂದಲ್ಲ. ಅಕ್ಕ ಓದುತ್ತಾಳೆ.

ಮನೆಗೆ ಬಂದು ಫೋಟೊ ಇಟ್ಟುಕೊಂಡು ಕಾಲೇಜಿನ ಪುಸ್ತಕ ತೆಗೆದೆ. ಓದಿದ್ದು ಸಸ್ಯಶಾಸ್ತ್ರ, ಅಷ್ಟು ಬರುತ್ತಿತ್ತು. ಮರುದಿನದ ಹೊತ್ತಿಗೆ ಕೊಂಕಣಿ ಹೆಸರು, ಕನ್ನಡದ ಹೆಸರು, ಲ್ಯಾಟಿನ್ ಹೆಸರು ಮೂರೂ ನನ್ನ ಬಳಿ ಇದ್ದವು. ಡಾಕ್ಟರ ಆಸ್ಪತ್ರೆಗೆ ಫೋನು ಮಾಡಿ ಹೇಳಬಹುದಿತ್ತು. ಒಂದು ಚೀಟಿಯಲ್ಲಿ ಬರೆದು ಕೊಡಬಹುದಿತ್ತು. ಅಕ್ಕನನ್ನು ಹೊರಗೆ ಕೂರಿಸಿ ಒಳಗೆ ಹೋಗಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಮತ್ತೆ ಧಾರವಾಡಕ್ಕೆ ಹೋದಾಗ ಡಾಕ್ಟರ ಎದುರಿಗೆ ಅಕ್ಕನ ಪಕ್ಕದಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಮೂರು ಹೆಸರುಗಳನ್ನೂ ಒಂದಾದ ಮೇಲೊಂದರಂತೆ ಗಟ್ಟಿಯಾಗಿ ಹೇಳಿದೆ.

ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಬಿಟ್ಟಳು.

ಡಾಕ್ಟರು ಕಂಪ್ಯೂಟರಿನಲ್ಲಿ ಹುಡುಕಿದರು. ಒಂದನ್ನು ತೆರೆದು ಓದಿದರು, ಮುಚ್ಚಿದರು, ಇನ್ನೊಂದನ್ನು ತೆರೆದರು. ಹೊರಗೆ ಯಾರದೋ ಕೂಸು ಅಳುತ್ತಿತ್ತು. ನಾನು ತೀರ್ಪಿಗೆ ಕಾಯುವವಳಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ.

"ಹಳೆ ಪುಸ್ತಕದಾಗ ಐತಿ ಇದು," ಅಂದರು. "ಹೆಂಗಸರ ತ್ರಾಸಿಗೆ ಕೊಡತಾರ ಅಂತ ಬರದಾರ. ಆದ್ರ ಹೆಂಗಸರಿಗೆ ಕೊಟ್ಟು, ಕೊಡದವರ ಜೋಡಿ ಹೋಲಿಸಿ, ಸರಿಯಾಗಿ ನೋಡಿದ್ದು ನನಗಂತೂ ಸಿಗವಲ್ದು. ಲಿವರಿಗೆ ಕೆಟ್ಟದ್ದು ಅಂತಾನೂ ಇಲ್ಲ, ಕೆಟ್ಟದ್ದಲ್ಲ ಅಂತಾನೂ ಇಲ್ಲ."

"ಅಂದ್ರ ಪುರಾವೆ ಇಲ್ಲ," ಅಂದೆ.

"ಯಾವುದಕ್ಕ ಪುರಾವೆ ಇಲ್ಲ?" ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹತ್ತೂದಿಲ್ಲ ಅನ್ನಾಕೂ ಇಲ್ಲವಾ. ಯಾರೂ ನೋಡಿಲ್ಲ. ಅಷ್ಟ ಗೊತ್ತಿರೂದು."

ಇದು ನನಗೆ ಹೊಸದಲ್ಲ. ನೋಡದೆ ಇರುವುದು ಬೇರೆ, ಇಲ್ಲದೆ ಇರುವುದು ಬೇರೆ ಎಂದು ಎಷ್ಟೋ ವೇದಿಕೆಗಳಲ್ಲಿ ನಾನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಬೇಕಾದಾಗ ಬಳಸುವ ಮಾತು ಅದು. ಪಂಚಮಿಯ ಹಿಂದಿನ ದಿನ ಬೇಕಾಗಿರಲಿಲ್ಲ.

ಲಿವರ್ ಇಳಿಯುವ ತನಕ ತೊಗಟೆ ಬೇಡ, ಈಗಲಾದರೂ ಗುಳಿಗೆ ಶುರು ಮಾಡಿ ಎಂದು ಹೇಳಿ ಡಾಕ್ಟರು ನಮ್ಮನ್ನು ಕಳಿಸಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ.

ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ನನ್ನ ಕಡೆ ತಿರುಗಿದಳು. "ಹೆಸರ ಹೇಳಿಬಿಟ್ಟಿ."

"ಡಾಕ್ಟರಿಗೆ ಹೇಳಬೇಕಿತ್ತಲ್ಲಕ್ಕ."

"ಡಾಕ್ಟರಿಗೆ ಹೇಳು. ನನ್ನ ಮುಂದ ಯಾಕ ಹೇಳಿದಿ?"

"ಹೆಸರ ಕೇಳಿದ ಮಾತ್ರಕ್ಕ ತೊಗಟಿ ಬದಲಾಗತೈತೇನು? ನಿನ್ನಿ ಇದ್ದದ್ದ ಇವತ್ತೂ ಐತಿ ಅದರಾಗ."

"ನಿನ್ನಿ ನನಗ ಒಂದ ಔಷಧ ಇತ್ತು," ಅಂದಳು ಅಕ್ಕ. "ಇವತ್ತ ಒಂದ ಗಿಡದ ಹೆಸರ ಐತಿ."

ನಾಲ್ಕು ದಿನ ನಮ್ಮ ಮನೆಯಲ್ಲೇ ಇದ್ದಳು. ಗುಣ ಹೋದ ಔಷಧವನ್ನು ಒಲೆಗೆ ಹಾಕಬಾರದು, ಕಸಕ್ಕೂ ಹಾಕಬಾರದು, ಹರಿಯುವ ನೀರಿಗೆ ಬಿಡಬೇಕಂತೆ. ಒಂದು ಮಧ್ಯಾಹ್ನ ಆಟೊ ಮಾಡಿಕೊಂಡು ಕಾಳಿ ನದಿಯ ದಂಡೆಯ ಮೌಳಂಗಿಗೆ ಹೋದೆವು. ಇಕೋ ಪಾರ್ಕಿನ ಕಡೆ ಯಾವುದೋ ಊರಿನ ಜನ ಕೂಗಾಡುತ್ತ ಬಂಡೆಗಳ ಮೇಲೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಾವು ಅವರಿಂದ ದೂರ, ನೀರು ಕಲ್ಲುಗಳ ನಡುವೆ ಓಡುವಲ್ಲಿ ಇಳಿದೆವು. ಲಿವರ್ ಇಳಿದ ಮೇಲೆ ಡಾಕ್ಟರನ್ನು ಕೇಳಿ ಬೇಕಾದರೆ ಮತ್ತೆ ತಗೊಳ್ಳಬಹುದು, ಇಟ್ಟುಕೋ, ನಾನು ಹೇಳಿದ್ದನ್ನು ಮರೆತುಬಿಡು ಅಂದೆ. ತೊಗಟೆಯ ಪರವಾಗಿ ವಾದ ಮಾಡುತ್ತಿದ್ದೆ ನಾನು! ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅತ್ತೆಯಿಂದ ಸೊಸೆಗೆ ಬಂದ ಅನುಭವವೂ ಒಂದು ಬಗೆಯ ನೋಡುವಿಕೆಯೇ ಅಂದೆ. ಮುದುಕಿ ನನಗೇ ಕೈ ಕೊಟ್ಟಿದ್ದಾಳೆ, ನಾನೇ ಹೊಸದಾಗಿ ಕೆತ್ತಿ ತಂದು ಕೊಡುತ್ತೇನೆ ಅಂದೆ.

ಅಕ್ಕ ನಕ್ಕಳು. "ಇವತ್ತ ಯಾವ ಚೀಟಿ ಬಂತು ನಿನಗ?"

ಪೊಟ್ಟಣ ಕಾಳಿ ನದಿಯಲ್ಲಿ ಒಂದು ಸುತ್ತು ತಿರುಗಿ ಹೋಯಿತು.

ಅವಳು ಊರಿಗೆ ಹೋಗಿ ನಿಷ್ಠೆಯಿಂದ ಗುಳಿಗೆ ತಗೊಂಡಳು. ದಿನವೂ ವಾಂತಿ. ಆ ತಿಂಗಳ ಮುಟ್ಟು ಒಂಬತ್ತನೆಯ ದಿನವೂ ನಿಲ್ಲಲಿಲ್ಲ, ಹತ್ತನೆಯ ದಿನ ಹೊಲದ ಬದುವಿನಲ್ಲಿ ಬಿದ್ದಳು. ಭಾವ ಹಳಿಯಾಳಕ್ಕೆ, ಅಲ್ಲಿಂದ ಧಾರವಾಡಕ್ಕೆ ಕರೆದುಕೊಂಡು ಹೋದ. ನಾವು ಹೋಗಿ ಸೇರುವಷ್ಟರಲ್ಲಿ ರಕ್ತ ಏರಿಸುತ್ತಿದ್ದರು. ಲಿವರಿನ ರಿಪೋರ್ಟು ಸರಿಯಾಗಿ ಬಂದಿತ್ತು. ತೊಗಟೆ ಬಿಟ್ಟದ್ದಕ್ಕೋ ಎಂದು ಕೇಳಿದೆ. ಇರಬಹುದು, ಇರಲಿಕ್ಕಿಲ್ಲ ಅಂದರು ಡಾಕ್ಟರು. ಗುಳಿಗೆಗೆ ಯಾಕೆ ನಿಲ್ಲಲಿಲ್ಲ ಅಂದೆ. ಎಲ್ಲರಿಗೂ ಹತ್ತುವುದಿಲ್ಲ ಅಂದರು. ಹತ್ತುವುದಿಲ್ಲ, ಆಯಿ ಆಡಿದ ಅದೇ ಶಬ್ದ. ಚೀಲ ತೆಗೆಯುವ ಕಾಗದಕ್ಕೆ ಭಾವ ಸಹಿ ಮಾಡಿ ಪೆನ್ನನ್ನು ಅಕ್ಕನ ಕೈಗೆ ಕೊಟ್ಟ. ಅವಳು ಕಾಗದ ಪೂರ್ತಿ ಓದಿ, ಎಲ್ಲಿ ಎಂದು ನರ್ಸಿಗೆ ಕೇಳಿ, ಸಹಿ ಹಾಕಿದಳು. ಆ ಕೋಣೆಯಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಆಪರೇಶನ್ ಆಗಿ ಮೂರು ವಾರ. ಅಕ್ಕ ನಮ್ಮಲ್ಲೇ ಆರೈಕೆಯಲ್ಲಿದ್ದಳು. ಬೆಳಗಿನ ಹತ್ತರ ಸುಮಾರಿಗೆ ಅವ್ವ ಒಳಗೆ ಬಂದು, "ಯಾರೋ ಬಂದಾರ ನೋಡು, ನಿನ್ನ ಕೇಳಕತ್ತಾರ," ಅಂದಳು.

ಹೊರಗೆ ಕಟ್ಟೆಯ ಮೇಲೆ ನನ್ನಷ್ಟೇ ವಯಸ್ಸಿನ ಒಬ್ಬ ಹೆಂಗಸು. ಮುಂಡಗೋಡದ ಕಡೆಯ ಹಳ್ಳಿಯವಳು, ಮೊದಲು ಜೋಯಿಡಾಕ್ಕೆ ಹೋಗಿ ಅಲ್ಲಿಂದ ಮನೆ ಕೇಳಿಕೊಂಡು ಇಲ್ಲಿಗೆ ಬಂದಿದ್ದಳು. ಮಡಿಲಲ್ಲಿ ಒಂದು ಕಾಯಿ, ಎಲೆ ಅಡಿಕೆ.

"ನೀವ ಏನ್ರಿ, ಔಷಧ ಕೊಡೂ ಬಾಯಾರು?"

"ನಾ ಔಷಧ ಕೊಡೂದಿಲ್ರಿ. ಯಾರ ಹೇ‍ಳಿದ್ರು ನಿಮಗ?"

"ಆಯಿ ಹಾಸಿಗಿ ಹಿಡದಾಳ್ರಿ. ನನ್ನ ಕೈ ದಾಂಡೇಲಿಗೆ ಹೋಗೇತಿ, ಅಲ್ಲೆ ಹೋಗು, ಆಕಿ ಇಲ್ಲ ಅನ್ನೂದಿಲ್ಲ ಅಂದ್ಲು."

ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಮುಚ್ಚುಮರೆ ಇಲ್ಲದೆ. ಹತ್ತುತ್ತದೆಯೋ ಇಲ್ಲವೋ ಗೊತ್ತಿಲ್ಲ, ಲಿವರಿಗೆ ಕೆಟ್ಟದ್ದೋ ಅಲ್ಲವೋ ಗೊತ್ತಿಲ್ಲ, ಹೆಂಗಸರ ಮೇಲೆ ಯಾರೂ ಸರಿಯಾಗಿ ನೋಡಿಲ್ಲ, ಡಾಕ್ಟರಿಗೆ ತೋರಿಸದೆ ಏನನ್ನೂ ತಗೊಳ್ಳಬೇಡ. ಅವಳು ತಲೆಯಾಡಿಸುತ್ತ ಶ್ರದ್ಧೆಯಿಂದ ಕೇಳಿದಳು. ನಾನು ಮುಗಿಸಿದ ಮೇಲೆ ಕೇಳಿದಳು: "ಆತ್ರಿ ಬಾಯಾರ. ಹಂಗಾರ ಎಷ್ಟ ದಿನ ತಗೋಬೇಕ್ರಿ?"

ಒಳಗೆ ಹೋಗಿ ಧಾರವಾಡದ ಡಾಕ್ಟರ ವಿಳಾಸವನ್ನು ಒಂದು ಹಾಳೆಯಲ್ಲಿ ಬರೆದು ತಂದು ಕೊಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ತಗೊಂಡು, ನೆಲಕ್ಕೆ ತಾಗದಂತೆ ಮಡಚಿ, ಕುಪ್ಪಸದೊಳಗೆ ಇಟ್ಟುಕೊಂಡಳು. ಕಾಯಿ, ಎಲೆ ಅಡಿಕೆಯನ್ನು ಕಟ್ಟೆಯ ಮೇಲಿಟ್ಟಳು. ಬರುತ್ತೇನೆ ಅನ್ನದೆ, ತಿರುಗಿ ನೋಡದೆ, ನಡೆದು ಹೋದಳು.

ಬಾಗಿಲ ಹಿಂದೆ ಅಕ್ಕ ನಿಂತಿದ್ದಳು. ಹೊಟ್ಟೆಯ ಮೇಲೆ ಒಂದು ಕೈ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನಾ ಮೂರನೇ ತಿಂಗಳದ್ದೂ ತಗೊಂಡಿದ್ರ ಏನ ಆಗತಿತ್ತು?" ಅಂದಳು.

ಉತ್ತರಗಳು ಒಂದರ ಹಿಂದೊಂದು ಬಂದವು. ಲಿವರ್ ಹೋಗುತ್ತಿತ್ತು. ಆರು ದಿನಕ್ಕೆ ನಿಂತದ್ದು ಬರೀ ಕಾಕತಾಳೀಯ. ಹೇಗಿದ್ದರೂ ಆ ತಿಂಗಳು ಹರಿಯುವುದೇ ಇತ್ತು. ಪ್ರತಿಯೊಂದಕ್ಕೂ ಎದುರು ಉತ್ತರವೂ ನನಗೇ ಗೊತ್ತಿತ್ತು.

"ಗೊತ್ತಿಲ್ಲಕ್ಕ," ಅಂದೆ.

ಅಕ್ಕ ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ. "ಪಂಚಮಿಗೆ ಬಂದಾಗ ಇಷ್ಟ ಅಂದಿದ್ರ ಆಗತಿತ್ತಲ್ಲ," ಅಂದು ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಅವ್ವ ಅಡಿಗೆಮನೆಯಿಂದ ಕೂಗಿ ಕೇಳಿದಳು, ಕಟ್ಟೆಯ ಮೇಲಿನ ಕಾಯಿ ಒಳಗೆ ತರುವುದೋ ಬೇಡವೋ ಎಂದು. ನಾನು ಹೊರಗೆ ಹೋಗಿ ಅದನ್ನು ಕಟ್ಟೆಯ ಮೇಲೆಯೇ ನೆರಳಿಗೆ ಸರಿಸಿಟ್ಟೆ.